ಪಟ್ಟಿಯಲ್ಲಿ ಬರೆಯದ ಹೆಸರು

ನನ್ನ ರಕ್ತದ ಗುಂಪು ಓ ನೆಗೆಟಿವ್. ಈ ಒಂದು ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಹದಿನೇಳು ವರ್ಷ ಬೇಕಾಯಿತು.

ನಾನು ಸರ್ಕಾರಿ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ದಿನ ಬೆಳಗಾದರೆ ಇನ್ನೊಬ್ಬರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ನರ ಹುಡುಕಿ, ಸೂಜಿ ಚುಚ್ಚುವುದು ನನ್ನ ಕೆಲಸ. ಅಳುವ ಮಕ್ಕಳನ್ನು ಮಾತಿನಲ್ಲೇ ಮರೆಸಿ ರಕ್ತ ತೆಗೆಯುವುದರಲ್ಲಿ ನನ್ನ ಕೈ ಪಳಗಿದೆ ಎಂದು ನರ್ಸುಗಳು ಹೇಳುತ್ತಾರೆ. ಆದರೆ ಅದೇ ಸೂಜಿ ನನ್ನ ತೋಳಿನ ಕಡೆಗೆ ಬಂದರೆ ನನಗೆ ಕಣ್ಣು ಕತ್ತಲೆ ಬರುತ್ತದೆ.

ಇದು ಗೊತ್ತಾದದ್ದು ವಿಜಯಪುರದಲ್ಲಿ ಓದುವಾಗ. ಕಾಲೇಜಿನಲ್ಲಿ ರಕ್ತದಾನ ಶಿಬಿರ ಇಟ್ಟಿದ್ದರು. ಎಲ್ಲರ ಜೊತೆ ಸಾಲಿನಲ್ಲಿ ನಿಂತೆ, ನನ್ನ ಸರದಿ ಬಂತು, ಮಂಚದ ಮೇಲೆ ಮಲಗಿದೆ. ಸೂಜಿ ತಾಗುವ ಮೊದಲೇ ಎಚ್ಚರ ತಪ್ಪಿತು. ಕಣ್ಣು ಬಿಟ್ಟಾಗ ಇಡೀ ತರಗತಿ ಸುತ್ತ ನಿಂತಿತ್ತು. ಯಾರೋ ಮುಖಕ್ಕೆ ಹೊಡೆದ ನೀರಿಗೆ ಅಂಗಿ ತೋಯ್ದು ಮೈಗೆ ಅಂಟಿತ್ತು. ಆಮೇಲೆ ಎರಡು ವರ್ಷ ಕ್ಯಾಂಟೀನಿನಲ್ಲಿ ನನ್ನನ್ನು ಕಂಡವರು ಚಮಚವನ್ನು ಸೂಜಿಯಂತೆ ಎತ್ತಿ ಹಿಡಿದು, "ಬೀಳಬ್ಯಾಡಲೇ ತಮ್ಮಾ" ಎಂದು ನಗುತ್ತಿದ್ದರು.

ಕೆಲಸಕ್ಕೆ ಸೇರಿದಾಗ ಗುರುತಿನ ಚೀಟಿಗೆಂದು ರಕ್ತದ ಗುಂಪು ಬರೆದುಕೊಡಬೇಕಿತ್ತು. ಲ್ಯಾಬಿನವನ ಗುಂಪನ್ನು ಇನ್ನೊಬ್ಬರು ಪರೀಕ್ಷೆ ಮಾಡಿ ನೋಡುವುದಿಲ್ಲ. ನಾನು ಓ ಪಾಸಿಟಿವ್ ಎಂದು ಬರೆದುಕೊಟ್ಟೆ. ಓ ನೆಗೆಟಿವ್ ಇರುವವರು ಸಿಗುವುದೇ ಅಪರೂಪ, ನಿಜ ಬರೆದರೆ ಯಾವತ್ತಾದರೂ ಕರೆ ಬಂದೇ ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬರೆದು ಕೊಟ್ಟ ಮೇಲೆ ಆ ಸುಳ್ಳು ನನ್ನ ಕೊರಳಲ್ಲೇ ತೂಗಾಡುತ್ತಿದ್ದರೂ ಅದರ ನೆನಪೇ ಹೋಯಿತು.

ನನ್ನ ನೌಕರಿಯೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳ ನಡುವೆಯೇ ಕಳೆದಿದೆ. ಈಗ ಹೇಳಲಿರುವುದು ಯಾವ ಊರಿನ ಆಸ್ಪತ್ರೆಯಲ್ಲಿ ನಡೆಯಿತು ಎಂದು ಮಾತ್ರ ಬರೆಯುವುದಿಲ್ಲ. ತಪ್ಪು ಆಸ್ಪತ್ರೆಯದಲ್ಲ.

ನಾನು ಸೇರಿದ ಹೊಸದರಲ್ಲಿ ತಾಲೂಕು ಆಸ್ಪತ್ರೆಗೆ ಕಷ್ಟದ ಹೆರಿಗೆ ಬಂದರೆ ಚೀಟಿ ಬರೆದು ವಿಜಯಪುರಕ್ಕೆ ಕಳಿಸುವುದೇ ರೂಢಿಯಾಗಿತ್ತು. ನಿಧಾನವಾಗಿ ದಿನ ಬದಲಾದವು. ಆಪರೇಷನ್ ಕೋಣೆ ಹೊಸದಾಯಿತು. ಅರಿವಳಿಕೆ ಕೊಡುವ ವೈದ್ಯರು ಬಂದರು. ಹೆರಿಗೆ ವೈದ್ಯೆಯಾಗಿ ಮೈಸೂರು ಕಡೆಯ ಒಬ್ಬ ಮೇಡಂ ಬಂದರು. ಬಂದ ವಾರದಲ್ಲೇ ಅವರು ನನ್ನ ಲ್ಯಾಬಿಗೆ ಬಂದು, "ಎಲ್ಲ ಇದೆ, ರಕ್ತ ಒಂದಿಲ್ಲ. ರಕ್ತ ಇಲ್ಲದೆ ನಾನು ಹೊಟ್ಟೆ ಕೊಯ್ಯಲಾರೆ" ಎಂದರು.

ಅದಾದ ಮರುವರ್ಷ ನಾಲ್ಕೂ ಆಸ್ಪತ್ರೆಗಳಿಗೆ ರಕ್ತ ಇಡುವ ಫ್ರಿಜ್ ಬಂದವು. ಕೊಡಲು ಬಂದವರಿಂದ ನಾವೇ ರಕ್ತ ತೆಗೆಯುವಂತಿಲ್ಲ. ಅದಕ್ಕೆ ವಿಜಯಪುರದ ಬ್ಲಡ್ ಬ್ಯಾಂಕಿಗೇ ಹೋಗಬೇಕು. ಅಲ್ಲಿಂದ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ತಂದು ಇಟ್ಟುಕೊಂಡು, ಬೇಕಾದವರಿಗೆ ಹೊಂದಿಸಿ ಕೊಡಬಹುದು. ನಾಲ್ಕೂ ಕಡೆ ಇದನ್ನು ಶುರು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆರು ತಿಂಗಳು ಬಸ್ಸಿನಲ್ಲೇ ಇದ್ದೆ. ಸೋಮವಾರ ಸಿಂದಗಿ, ಬುಧವಾರ ಇಂಡಿ. ಮನಗೂಳಿಯಲ್ಲಿ ಬಸ್ಸು ನಿಂತಾಗ ಚಹಾ. ಒಂದು ಕಡೆ ಫ್ರಿಜ್ ಬಾಗಿಲಿನಲ್ಲಿ ಹಿಡಿಸದೆ ಚೌಕಟ್ಟನ್ನೇ ಕಿತ್ತು ಒಳಗೆ ಒಯ್ದೆವು; ಆಯಾ ಒಬ್ಬಳು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು. ನನ್ನ ಜೀವನದಲ್ಲಿ ಅಷ್ಟು ಹುರುಪಿನಿಂದ ಕೆಲಸ ಮಾಡಿದ ದಿನಗಳು ಬೇರೆ ಇಲ್ಲ. ಮೊದಲ ಬಾರಿ ನಾವೇ ಹೊಂದಿಸಿದ ರಕ್ತ ಏರಿಸಿ ನಮ್ಮಲ್ಲೇ ಸಿಸೇರಿಯನ್ ಆದಾಗ ನಾನು ಆಪರೇಷನ್ ಕೋಣೆಯ ಹೊರಗೆ ನಿಂತು ಕೂಸಿನ ಅಳು ಕೇಳಿಸಿಕೊಂಡೆ.

ತೊಡಕಿದ್ದದ್ದು ನೆಗೆಟಿವ್ ಗುಂಪುಗಳಲ್ಲಿ. ಆ ರಕ್ತ ಬ್ಯಾಂಕಿನಲ್ಲೇ ಕಡಿಮೆ. ನಮಗೆ ಒಂದು ಬ್ಯಾಗ್ ಸಿಕ್ಕರೆ ಹೆಚ್ಚು. ಹಾಗಾಗಿ ನಾಲ್ಕು ತಾಲೂಕಿನಲ್ಲಿ ಅಂಥ ಗುಂಪಿನವರನ್ನು ಹುಡುಕಿ, ಕರೆದಾಗ ವಿಜಯಪುರಕ್ಕೆ ಬಂದು ಕೊಡುವಂತೆ ಒಪ್ಪಿಸಿ, ಒಂದು ಪಟ್ಟಿ ಮಾಡಬೇಕೆಂದು ಮೇಡಂ ಹೇಳಿದರು. ನಾನು ಹಳೆಯ ರಿಜಿಸ್ಟರುಗಳನ್ನೆಲ್ಲ ತಿರುವಿ ಹಾಕಿ, ಫೋನು ಮಾಡಿ, ಮನೆಗಳಿಗೆ ಹೋಗಿ ಪಟ್ಟಿ ಮಾಡಿದೆ. ನಾಲತವಾಡದ ಒಬ್ಬ ಶಾಲಾ ಮಾಸ್ತರು, ಒಬ್ಬ ಬಸ್ ಕಂಡಕ್ಟರು, ಹೀಗೆ. ಅವರಲ್ಲಿ ಐವತ್ತು ದಾಟಿದ ಒಬ್ಬ ಕುರಿಗಾಹಿಯೂ ಇದ್ದರು. ಕಾಲಿನ ಗಾಯಕ್ಕೆಂದು ಇಂಡಿಯ ಆಸ್ಪತ್ರೆಗೆ ಬಂದಿದ್ದವರ ಗುಂಪು ಓ ನೆಗೆಟಿವ್ ಎಂದು ಗೊತ್ತಾಗಿತ್ತು. ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ವಿಷಯ ಹೇಳಿದೆ. ಅವರು ತಲೆಯ ಪಟಗಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೇಳಿದರು.

"ನೋವಾಗ್ತೈತೇನ್ರಿ?"

"ಏನೂ ಆಗೂದಿಲ್ಲ ಕಾಕಾ. ಇರಿವಿ ಕಡದಂಗ, ಅಷ್ಟ."

"ನೀವು ಕೊಟ್ಟೀರೇನ್ರಿ ಸಾಹೇಬ್ರ?"

"ಭಾಳ ಸರ್ತಿ ಕೊಟ್ಟೇನಿ" ಎಂದೆ.

ಅವರು ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಒಪ್ಪಿಗೆಯ ಹಾಳೆಯ ಮೇಲೆ ಒತ್ತಿದರು. ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದವನೂ ನಾನೇ. ಓ ನೆಗೆಟಿವ್ ಎಂಬ ತಲೆಬರಹದ ಕೆಳಗೆ ಮಾಸ್ತರು, ಕಂಡಕ್ಟರು, ಕಾಕಾ ಈ ಮೂರು ಹೆಸರು ಬಂದವು. ನಾಲ್ಕನೆಯದನ್ನು ಬರೆಯಲಿಲ್ಲ. ಆಗ ಕೈ ತಡೆಯಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ತಡೆಯಲೇ ಇಲ್ಲ.

ನಾನು ಹೇಳಹೊರಟ ಆ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತೋಟದ ವಸತಿಯೊಂದರಿಂದ ಒಬ್ಬ ಬಸುರಿಯನ್ನು ಕರೆತಂದರು. ಎರಡನೆಯ ಹೆರಿಗೆ. ನೋವು ಇನ್ನೂ ಬಂದಿರಲಿಲ್ಲ, ರಕ್ತ ಹೋಗುತ್ತಿತ್ತು. ಜೊತೆಗೆ ಗಂಡ, ಅತ್ತೆ. ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿದೆ, ಕೂಡಲೇ ಆಪರೇಷನ್ ಆಗಬೇಕು, ಕನಿಷ್ಠ ಎರಡು ಬ್ಯಾಗ್ ರಕ್ತ ಕೈಯಲ್ಲಿರಬೇಕು ಎಂದು ಮೇಡಂ ಹೇಳಿದರು. ನಾನು ಗುಂಪು ನೋಡಿದೆ. ಗಾಜಿನ ಪಟ್ಟಿಯ ಮೇಲೆ ದ್ರಾವಣ ಬೆರೆಸಿದ ರಕ್ತದ ಹನಿ ಎಲ್ಲಿಯೂ ಗಂಟುಗಟ್ಟಲಿಲ್ಲ. ಓ ನೆಗೆಟಿವ್.

ನಮ್ಮ ಫ್ರಿಜ್ಜಿನಲ್ಲಿ ಆ ಗುಂಪಿನದು ಇರಲಿಲ್ಲ. ಉಳಿದ ಮೂರು ಊರಿಗೆ ಫೋನು ಮಾಡಿದೆ; ಅಲ್ಲಿಯೂ ಇಲ್ಲ. ವಿಜಯಪುರದ ಬ್ಯಾಂಕಿನಲ್ಲಿ ಒಂದೇ ಒಂದು ಬ್ಯಾಗ್ ಇತ್ತು. ಇನ್ನೊಂದು ಬೇಕಿದ್ದರೆ ಕೊಡುವವರನ್ನು ಕರೆತನ್ನಿ, ತೆಗೆದು ಪರೀಕ್ಷೆ ಮಾಡಿ ಕೊಡಲು ನಮಗೂ ಹೊತ್ತು ಬೇಕು ಎಂದರು. ಅವಳನ್ನು ಅಲ್ಲಿಗೇ ಕಳಿಸುವುದೆಂದು ತೀರ್ಮಾನವಾಯಿತು.

ನಾನು ಪಟ್ಟಿ ತೆಗೆದೆ. ಮಾಸ್ತರು ಒಂದು ತಿಂಗಳ ಹಿಂದಷ್ಟೇ ಕೊಟ್ಟಿದ್ದರು, ಈಗ ಕೊಡುವಂತಿರಲಿಲ್ಲ. ಕಂಡಕ್ಟರು ಪುಣೆಯ ಗಾಡಿಯಲ್ಲಿದ್ದರು. ಮೂರನೆಯವರು ಕುರಿಗಾಹಿ ಕಾಕಾ.

"ಕಾಕಾ, ಎಲ್ಲಿ ಅದೀರಿ?"

"ಇಲ್ಲೇ ಲಚ್ಯಾಣದ ಆಚಿಕ ಹೊಲದಾಗ ಕುರಿ ಬಿಟ್ಟೇನ್ರಿ."

"ಒಬ್ಬ ಹೆಣ್ಮಗಳಿಗೆ ರಕ್ತ ಬೇಕಾಗೈತಿ. ವಿಜಾಪುರಕ್ಕ ಬರಾಕ ಆಗ್ತೈತೇನ್ರಿ?"

"ಈಗ ಏನ್ರಿ?"

"ಈಗ."

ಅತ್ತ ಕಡೆ ಅವರು ಯಾರನ್ನೋ ಕೂಗಿ ಕರೆದದ್ದು ಕೇಳಿಸಿತು. "ಮನಿಯಾಕಿಗೆ ಕುರಿ ಒಪ್ಪಿಸಿ ಹೊಂಡತೇನ್ರಿ" ಎಂದರು.

ಮೇಡಂ ನನ್ನ ಎದುರಿಗೇ ನಿಂತಿದ್ದರು. "ಅವರು ವಿಜಯಪುರ ಮುಟ್ಟೋಕೆ ಎಷ್ಟು ಹೊತ್ತಾಗುತ್ತೆ?"

"ಮೂರು ತಾಸರ ಆಗ್ತೈತ್ರಿ ಮೇಡಂ. ರಸ್ತೆಕ್ಕ ನಡಕೊಂಡ ಬರಬೇಕು, ಆಮ್ಯಾಲೆ ಬಸ್ಸು."

"ಆಂಬುಲೆನ್ಸ್‌ನಲ್ಲೇ ಒಬ್ಬರು ಹೋಗೋ ಹಾಗಿದ್ದರೆ ಎಷ್ಟು ಚೆನ್ನಾಗಿರ್ತಿತ್ತು. ನಮ್ಮ ಸ್ಟಾಫ್‌ನಲ್ಲಿ ಯಾರಾದರೂ ಇದ್ದಾರಾ?" ಎಂದು ಕೇಳಿದವರು ನನ್ನ ಮುಖ ನೋಡಿದರು. "ನಿಮ್ಮದು ಯಾವ ಗುಂಪು?"

"ಓ ಪಾಸಿಟಿವ್ ರಿ ಮೇಡಂ."

ಯೋಚಿಸಿ ಹೇಳಿದ್ದಲ್ಲ. ಹೆಸರು ಕೇಳಿದರೆ ಹೆಸರು ಹೇಳುವಷ್ಟು ಸಲೀಸಾಗಿ ಬಂತು. ಮೇಡಂ ತಲೆಯಾಡಿಸಿ ಹೊರಟುಹೋದರು. ಅವರ ಹಿಂದೆಯೇ ಹೋಗಿ, "ಅಲ್ಲ ಮೇಡಂ, ತಪ್ಪು ಹೇಳಿದೆ" ಎನ್ನಲು ನನಗೆ ಐದು ನಿಮಿಷ ಇತ್ತು. ಸ್ಟ್ರೆಚರ್ ಹೊರಗೆ ತರುವವರೆಗೆ, ಸಲೈನ್ ಬಾಟಲಿ ಕಟ್ಟುವವರೆಗೆ, ಚಾಲಕ ಗಾಡಿ ತಿರುಗಿಸುವವರೆಗೆ. ನಾನು ಗಾಡಿಯ ಪಕ್ಕಕ್ಕೇ ನಿಂತಿದ್ದೆ. ಆಕೆಯ ಗಂಡ ಚಾಲಕನ ಪಕ್ಕ ಕುಳಿತ. ಅತ್ತೆ ಹಿಂದೆ ಹತ್ತಿ ಕುಳಿತು, ತನ್ನ ಪಕ್ಕದ ಖಾಲಿ ಜಾಗಕ್ಕೆ ಕೈ ಬಡಿದು ನನ್ನನ್ನು ಕರೆದಳು.

"ನೀವೂ ಬರ್ರಿ ಸಾಹೇಬ್ರ. ಅಲ್ಲಿ ನಮಗ ಯಾರೂ ಗುರ್ತಿಲ್ಲ."

"ಲ್ಯಾಬ್ ಬಿಟ್ಟ ಬರಾಕ ಬರೂದಿಲ್ಲವ್ವ. ಎಲ್ಲಾ ಚೀಟ್ಯಾಗ ಬರದೇನಿ" ಎಂದು ಬ್ಯಾಂಕಿನ ಹೆಸರು ಬರೆದ ಚೀಟಿಯನ್ನು ಕೈಗಿತ್ತೆ. ಅವಳು ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮಲಗಿದ್ದ ಸೊಸೆಯ ತುಟಿ ಬಿಳಿಚಿದ್ದವು. ಅವಳು ಯಾರನ್ನೂ ನೋಡುತ್ತಿರಲಿಲ್ಲ. ಗಾಡಿ ಹೋಯಿತು.

ಆಮೇಲೆ ನಾನು ಲ್ಯಾಬಿನಲ್ಲಿ ಕುಳಿತು ಸಕ್ಕರೆ ಕಾಯಿಲೆಯವರ ರಕ್ತ ತೆಗೆದೆ. ಒಬ್ಬೊಬ್ಬರ ತೋಳು ಹಿಡಿದಾಗಲೂ ಗಡಿಯಾರದ ಕಡೆ ನೋಡುತ್ತಿದ್ದೆ. ಕಾಕಾ ಮಧ್ಯೆ ಫೋನು ಮಾಡಿದರು. ಬಸ್ಸು ತಪ್ಪಿತ್ತು, ನಿಂಬೆಹಣ್ಣಿನ ಟೆಂಪೋ ಒಂದನ್ನು ಕೈಮಾಡಿ ನಿಲ್ಲಿಸಿ ಹತ್ತಿದ್ದರು. ಎಲ್ಲಿ ಇಳಿಯಬೇಕು ಎಂದು ಕೇಳಿದರು. ಹೇಳಿದೆ. ಹೇಳುವಾಗ ನನ್ನ ದನಿ ಒಳ್ಳೆಯ ಕೆಲಸ ಮಾಡುತ್ತಿರುವವನ ದನಿಯಂತೆಯೇ ಇತ್ತು.

ಅವರು ಮುಟ್ಟಿ, ರಕ್ತ ಕೊಟ್ಟು, ಅದು ಸಿದ್ಧವಾಗುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಕೂಸು ಬದುಕಿತು, ಹೆಣ್ಣು. ತಾಯಿಯೂ ಬದುಕಿದಳು. ಆದರೆ ರಕ್ತ ನಿಲ್ಲದೆ ಆಕೆಯ ಗರ್ಭಕೋಶ ತೆಗೆಯಬೇಕಾಯಿತು. ಕಾಕಾನ ರಕ್ತವನ್ನು ಆಮೇಲೆ ಏರಿಸಿದರು. ಮರುದಿನ ಮೇಡಂ ಅಲ್ಲಿಯ ವೈದ್ಯರೊಡನೆ ಮಾತಾಡಿ ಬಂದು ನನಗೆ ಹೇಳಿದರು: "ಎರಡನೇ ಬ್ಯಾಗ್ ಕೈಯಲ್ಲಿದ್ದಿದ್ದರೆ ಇನ್ನೊಂದಿಷ್ಟು ಹೊತ್ತು ಕಾದು ನೋಡ್ತಿದ್ದೆವು ಅಂದರು. ಇದ್ದಿದ್ದರೂ ಉಳೀತಿತ್ತು ಅಂತ ಹೇಳೋಕಾಗಲ್ಲ. ಜೀವ ಉಳೀತಲ್ಲ, ಬಿಡಿ."

ಹೇಳೋಕಾಗಲ್ಲ ಎಂಬ ಆ ಮಾತನ್ನು ಹಿಡಿದುಕೊಂಡು ನಾನು ಒಂದು ತಿಂಗಳು ಕಳೆದೆ.

ತಿಂಗಳ ಕೊನೆಗೆ ವಿಜಯಪುರದಲ್ಲಿ ನಾಲ್ಕೂ ಆಸ್ಪತ್ರೆಯವರ ಸಭೆ. ಅಲ್ಲಿ ಮೇಡಂ ಎದ್ದು ನಿಂತು, ನಮ್ಮ ಪಟ್ಟಿ ಕೆಲಸ ಮಾಡಿತು, ಕುರಿ ಕಾಯುವವರೊಬ್ಬರು ಹೊಲದಿಂದ ಬಂದು ರಕ್ತ ಕೊಟ್ಟರು, ಇದರ ಹಿಂದೆ ಇವರ ಶ್ರಮ ಇದೆ ಎಂದು ನನ್ನ ಕಡೆ ತೋರಿಸಿದರು. ಹಿರಿಯ ಅಧಿಕಾರಿ ನನಗೆ ಶಾಲು ಹೊದಿಸಿದರು. ಉಳಿದ ಊರಿನ ಟೆಕ್ನಿಷಿಯನ್ನರಿಗೆ ನಾಲ್ಕು ಮಾತು ಹೇಳಿ ಎಂದರು. ನಾನು ಹೇಳಿದೆ! ಜನರ ಹೆದರಿಕೆಯನ್ನು ಹೇಗೆ ಹೋಗಲಾಡಿಸಬೇಕು ಎಂದು ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಊಟಕ್ಕೆ ಕರೆದಾಗ ಹೊಟ್ಟೆ ಸರಿಯಿಲ್ಲವೆಂದು ಹೊರಗೆ ಬಂದು, ಶಾಲನ್ನು ಚೀಲದ ತಳಕ್ಕೆ ತುರುಕಿ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತೆ. ಮೂರು ಬಸ್ಸು ಬಂದು ಹೋದವು, ಹತ್ತಲಿಲ್ಲ.

ಆ ಸಭೆಗೆ ಕಾಕಾನನ್ನೂ ಕರೆದಿದ್ದರು. ಅವರು ಬಂದಿರಲಿಲ್ಲ. ಅವರ ಹೆಸರಿನ ಪ್ರಮಾಣಪತ್ರವನ್ನು ನನ್ನ ಕೈಗೇ ಕೊಟ್ಟಿದ್ದರು. ಮುಂದಿನ ಭಾನುವಾರ ಅದನ್ನು ಹಿಡಿದು ಹುಡುಕಿಕೊಂಡು ಹೋದೆ. ಕಬ್ಬು ಕಡಿದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಹೆಂಡತಿ ಮೂರು ಕಲ್ಲಿನ ಒಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಪ್ರಮಾಣಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಕಂಬಳಿಯ ಮಡಿಕೆಯಲ್ಲಿ ಇಟ್ಟರು.

"ಸಾಹೇಬ್ರ, ಒಂದ ಮಾತು. ನೀವು ಇರಿವಿ ಕಡದಂಗ ಅಂದಿದ್ರಿ. ಹಂಗೇನ ಇರ್ಲಿಲ್ರಿ. ನೋವಾತು" ಎಂದು ನಕ್ಕರು. ದೂರಿ ಹೇಳಿದ್ದಲ್ಲ, ಸುದ್ದಿ ಹೇಳುವಂತೆ ಹೇಳಿದರು. ಆಮೇಲೆ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೊಡುತ್ತಾ ಕೇಳಿದರು: "ನಿಮ್ದು ಯಾವ ರಕ್ತರಿ?"

ರೊಟ್ಟಿ ಕೈಯಲ್ಲಿತ್ತು. "ನಿಮ್ದ ಗುಂಪು ಕಾಕಾ" ಎಂದೆ.

"ಅಂದ್ರ ನಾವಿಬ್ರೂ ಒಂದ ರಕ್ತದವರು!" ಎಂದು ಅವರು ಹೆಂಡತಿಯ ಕಡೆ ತಿರುಗಿ ಖುಷಿಯಿಂದ ಹೇಳಿದರು. ಅವಳು ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಮತ್ತ ಅವತ್ತ ನೀವ್ಯಾಕ ಕೊಡ್ಲಿಲ್ರಿ? ಇಲ್ಲಿಂದ ಇವರನ್ನ ಕರಸಿದ್ರಿ?"

ಕಾಕಾ ನನ್ನ ಕಡೆ ತಿರುಗಿದರು. ಅವರಿಗೂ ಆಗ ಹೊಳೆದಿರಬೇಕು.

"ಅಂಜಿದ್ನೆವ್ವ" ಎಂದೆ.

"ಯಾತಕ್ಕ?"

"ಸೂಜಿಗೆ."

ನನಗೆ ಎದ್ದು ಓಡಿಹೋಗಬೇಕೆನಿಸಿತು. ಕೈಯಲ್ಲಿ ಅವರ ರೊಟ್ಟಿ ಇತ್ತು. ಕಾಕಾ, "ನಾನೂ ಅಂಜಿದ್ನಿರಿ. ಮಾರಿ ಆ ಕಡೆ ಮಾಡಿ ಮಕ್ಕೊಂಡಿದ್ನಿ" ಎಂದರು. ಅಷ್ಟು ಹೇಳಿ, ಹಿಂಡಿನಿಂದ ಸರಿದು ಹೋಗುತ್ತಿದ್ದ ಒಂದು ಕುರಿಯನ್ನು ತಿರುಗಿಸಲು ಎದ್ದು ಹೋದರು. ನನ್ನನ್ನು ಹಗುರ ಮಾಡಲು ಹೇಳಿದ ಮಾತದು. ಆದರೆ ನನಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಅವರು ಅಂಜಿಯೂ ಹೋಗಿದ್ದರು.

ಮರುದಿನ ಮೇಡಂ ಬಳಿ ಹೋಗಿ ಎಲ್ಲ ಹೇಳಿದೆ. ಅವರು ರಿಜಿಸ್ಟರಿಗೆ ಸಹಿ ಹಾಕುತ್ತಿದ್ದರು. ಕೇಳುತ್ತಾ ಕೇಳುತ್ತಾ ಪೆನ್ನು ನಿಂತಿತು. ಬಹಳ ಹೊತ್ತು ನನ್ನ ಕೊರಳಿನ ಗುರುತಿನ ಚೀಟಿಯನ್ನು ನೋಡಿದರು. ಕೂಗಾಡುತ್ತಾರೆ, ಮೇಲಿನವರಿಗೆ ಬರೆಯುತ್ತಾರೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದನ್ನು ಬಯಸಿಯೇ ಹೋಗಿದ್ದೆ.

"ಪಟ್ಟಿ ತಿದ್ದಿ ತನ್ನಿ. ಇದನ್ನೂ ಬದಲಾಯಿಸಿಕೊಳ್ಳಿ" ಎಂದಷ್ಟೇ ಹೇಳಿ ಮತ್ತೆ ಸಹಿ ಹಾಕತೊಡಗಿದರು.

ಅಂದಿನಿಂದ ಅವರು ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಾರೆ. ಆದರೆ ನಾನು ಒಯ್ದ ಪಟ್ಟಿಯ ಪ್ರತಿ ಸಾಲನ್ನೂ ಬೆರಳಿಟ್ಟು ಓದುತ್ತಾರೆ. ಮೊದಲು ಓದದೆ ಸಹಿ ಹಾಕುತ್ತಿದ್ದರು.

ಆ ವಾರವೇ ವಿಜಯಪುರಕ್ಕೆ ಹೋಗಿ ರಕ್ತ ಕೊಟ್ಟೆ. ಕಣ್ಣು ಕತ್ತಲೆ ಬಂತು, ಬೆವರು ಇಳಿಯಿತು, ಅಲ್ಲಿಯ ನರ್ಸು ಕಾಲು ಎತ್ತಿ ಹಿಡಿದಳು. ಆದರೆ ಎಚ್ಚರ ತಪ್ಪಲಿಲ್ಲ. ಹತ್ತು ನಿಮಿಷದಲ್ಲಿ ಮುಗಿಯಿತು. ಇಷ್ಟಕ್ಕೆ ಹದಿನೇಳು ವರ್ಷವೇ ಎಂದು ನಾಚಿಕೆ ಇನ್ನಷ್ಟು ಹೆಚ್ಚಿತು. ಈಗ ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ. ಪ್ರತಿ ಸಲವೂ ಬೆವರುತ್ತೇನೆ. ಒಪ್ಪಿಸಲು ಹೋದವರಿಗೆ ಈಗ ಇರುವೆಯ ಮಾತು ಹೇಳುವುದಿಲ್ಲ; ನೋವಾಗುತ್ತದೆ, ನನಗೂ ಆಗುತ್ತದೆ ಎನ್ನುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಹೆಚ್ಚಿನವರು ಹೋಗುವುದಿಲ್ಲ.

ಆ ಹೆಣ್ಣುಮಗಳು ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಒಂದು ಬೆಳಿಗ್ಗೆ ಲ್ಯಾಬಿಗೆ ಬಂದಳು. ಕೂಸಿಗೆ ಮೇಲಿಂದ ಮೇಲೆ ಜ್ವರ. ರಕ್ತ ಪರೀಕ್ಷೆಗೆ ಬರೆದಿದ್ದರು. ಜೊತೆಗಿದ್ದ ಅತ್ತೆ ನನ್ನನ್ನು ಕಂಡ ಕೂಡಲೇ, "ಇವರ ನೋಡವಾ, ಅವತ್ತ ಫೋನ್ ಹಚ್ಚಿ ಹಚ್ಚಿ ನಿನಗ ರಕ್ತ ಕೊಡಿಸಿದವರು" ಎಂದು ಸೊಸೆಗೆ ತೋರಿಸಿದಳು. ಸೊಸೆ ಕೈ ಮುಗಿದಳು. ನಾನು ಕೂಸಿನ ಬೆರಳು ಹಿಡಿದುಕೊಂಡು ತಲೆ ತಗ್ಗಿಸಿದೆ.

ಅತ್ತೆ ನನ್ನ ಹತ್ತಿರ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದಳು: "ಸಾಹೇಬ್ರ, ನೀವು ತಿಳದವರು. ಎರಡೂ ಹೆಣ್ಣ ಆಗ್ಯಾವ. ಇನ್ನೊಂದಕ್ಕ ಎಷ್ಟ ದಿನ ತಡೀಬೇಕ್ರಿ?"

ನಾನು ಸೊಸೆಯನ್ನು ನೋಡಿದೆ. ಅವಳು ಅತ್ತೆಯ ಹಿಂದಿನಿಂದ ನನ್ನ ಕಡೆ ನೋಡಿ, ಸ್ವಲ್ಪವೇ ತಲೆ ಅಲ್ಲಾಡಿಸಿದಳು.

"ಅದನ್ನ ಮೇಡಂ ಹೇಳ್ಬೇಕ್ರಿ ಯವ್ವ. ನನಗ ಗೊತ್ತಾಗೂದಿಲ್ಲ" ಎಂದೆ.

ಅತ್ತೆ ಔಷಧಿಯ ಸಾಲಿನಲ್ಲಿ ನಿಲ್ಲಲು ಹೋದಳು. ಸೊಸೆ ಕಿಟಕಿಯ ಹತ್ತಿರವೇ ನಿಂತಳು.

"ಗರ್ಭದ ಚೀಲ ತಗದದ್ದು ಅತ್ತಿಗೆ ಗೊತ್ತಿಲ್ರಿ. ನಮ್ಮವರು ತಾವ ಹೇಳ್ತೇನಿ ಅಂದಾರ, ಇನ್ನೂ ಹೇಳಿಲ್ಲ. ನೀವು ಹೇಳಬ್ಯಾಡ್ರಿ."

"ಇಲ್ಲವ್ವ, ಹೇಳೂದಿಲ್ಲ."

ನನ್ನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ದಿನ ಗಾಡಿಯಲ್ಲಿ ಜಾಗವಿತ್ತು, ನಾನು ಬರಬಹುದಿತ್ತು ಎಂದು. ಹೇಳಿಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಅವಳು ಮನೆಯಲ್ಲಿ ಒಂದನ್ನು ಮುಚ್ಚಿಟ್ಟುಕೊಂಡು ದಿನ ದೂಡುತ್ತಿದ್ದಳು. ಅದರ ಮೇಲೆ ನನ್ನದನ್ನೂ ಹೇರಬೇಕೇ? ಅಥವಾ ಇದೂ ಒಂದು ನೆವವೇ? ಇವತ್ತಿಗೂ ನನಗೆ ತಿಳಿಯುವುದಿಲ್ಲ. ನಾನು ಹೇಳಲಿಲ್ಲ.

ವರದಿ ಬರೆದುಕೊಟ್ಟೆ. ಕೂಸಿಗೆ ರಕ್ತ ಸ್ವಲ್ಪ ಕಡಿಮೆ ಇತ್ತು, ಗಾಬರಿಯಾಗುವಂಥದ್ದೇನೂ ಇರಲಿಲ್ಲ.

"ತಿನ್ನಾಕ ಏನ ಕೊಡ್ಬೇಕ್ರಿ ಇದಕ್ಕ?" ಎಂದು ಕೇಳಿದಳು.

"ಹೆಸರಬ್ಯಾಳಿ, ಪಾಲಕ ಕುದಿಸಿ ನುಣ್ಣಗ ಮಾಡಿ ತಿನಿಸವ್ವ. ಈ ಚೀಟಿ ಮೇಡಂಗೆ ತೋರಸು, ಟಾನಿಕ್ ಬರದ ಕೊಡ್ತಾರ."

ಅವಳು ಚೀಟಿ ತೆಗೆದುಕೊಂಡು, ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಮೇಡಂ ಕೋಣೆಯ ಕಡೆ ನಡೆದಳು.